ಗೆರೆಗಿಂತ ಒಂದಿಷ್ಟು ಮೊದಲು

ಅಜ್ಜಿ ಬಂದ ಮೇಲೆ ಆ ಬೀದಿಯಲ್ಲಿ ಯಾರಿಗೂ ಅಲಾರಂ ಬೇಕಾಗಲಿಲ್ಲ. ಬೆಳಗಾಗುತ್ತಲೇ ಆಕೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು ತನ್ನ ಮಂಡಿಗೆ ತಾನೇ ಆಜ್ಞೆ ಕೊಡುತ್ತಿದ್ದಳು. "ಮಡಚು. ಚಾಚು. ಮಡಚು. ಚಾಚು." ಎದುರು ಮನೆಯ ನಿವೃತ್ತ ಗುಮಾಸ್ತ ಮಲಗಿದ್ದಲ್ಲೇ ಕಾಲು ಮಡಚಿ ಚಾಚುತ್ತಾನೆಂದು ಅವನ ಹೆಂಡತಿಯೇ ತರಕಾರಿ ಅಂಗಡಿಯಲ್ಲಿ ಹೇಳಿಕೊಂಡು ನಕ್ಕಿದ್ದಳು.

ಆಕೆ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮೈಕು ಕೈಕೊಟ್ಟ ದಿನವೂ ಮೈದಾನದ ಕೊನೆಯ ಸಾಲಿನ ಹುಡುಗನಿಗೆ ಕೇಳುವಂತೆ ಎಣಿಸಿದ ಗಂಟಲು, ನಿವೃತ್ತಿಯಾದ ಮಾತ್ರಕ್ಕೆ ತಗ್ಗುತ್ತದೆಯೇ? ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದಳು. ಮಂಡಿ ಮುಷ್ಕರ ಹೂಡಿದ ಮೇಲೆ ಮಗ ಹೋಗಿ, ಆಕೆಯನ್ನೂ ಆಕೆಯ ಕಬ್ಬಿಣದ ಬೀರುವನ್ನೂ ತನ್ನ ಮನೆಗೆ ತಂದ. "ಮಂಡಿ ವಾಸಿಯಾಗೋವರೆಗೆ ಅಷ್ಟೇ" ಎಂದು ಅಜ್ಜಿ ಹೇಳಿದಳು. "ಹೌದು ಹೌದು" ಎಂದು ಮನೆಯವರು ಹೇಳಿದರು. ಹೇಳಿದವರೂ ನಂಬಲಿಲ್ಲ, ಕೇಳಿದವರೂ ನಂಬಲಿಲ್ಲ.

ಬೀರು ಮೊಮ್ಮಗಳ ಒಳಕೋಣೆಗೆ ಹೋಯಿತು, ಅಜ್ಜಿಯ ಮಂಚವೂ ಅಲ್ಲಿಗೇ. ತೊಂದರೆ ಶುರುವಾದದ್ದು ಅಲ್ಲಿಂದ. ಮೊಮ್ಮಗಳು ಆ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಧ್ವನಿ ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಿದ್ದಳು. ಶಾಲಾ ಮಕ್ಕಳ ಕುಣಿತಕ್ಕೆ ಹಾಡನ್ನು ಮೊಟಕು ಮಾಡುವುದು, ಅಂಗಡಿಗಳ ಜಾಹೀರಾತಿಗೆ ಹಿಂದೆ ಸಂಗೀತ ಕೂರಿಸುವುದು, ಯಾರೋ ಬೇಸುರಾಗಿ ಹಾಡಿದ್ದನ್ನು ಸಹಿಸುವಂತೆ ಮಾಡುವುದು. ಈಗ ಪ್ರತಿ ಜಾಹೀರಾತಿನ ಹಿಂದೆಯೂ "ಮಡಚು, ಚಾಚು" ಸೇರಿಕೊಳ್ಳತೊಡಗಿತು. ಮೊಮ್ಮಗಳು ದಿನವಿಡೀ ಕತ್ತರಿಸುವುದನ್ನು ನೋಡಿ ಅಜ್ಜಿ ಅವಳಿಗೆ ಕತ್ತರಿ ಎಂದೇ ಹೆಸರಿಟ್ಟಳು. ಮನೆಯಲ್ಲಿ ಆ ಹೆಸರೇ ನಿಂತಿತು.

ಸೊಸೆ, ಅಂದರೆ ಕತ್ತರಿಯ ತಾಯಿ, ಹಲ್ಲಿನ ಡಾಕ್ಟರರ ಬಳಿ ಸಹಾಯಕಿ. ಒಂದು ಸಂಜೆ ಊಟದ ಮೇಜಿನ ಮೇಲೆ ಬೇಳೆಯ ಪಾತ್ರೆಯನ್ನು ತುಸು ಜೋರಾಗಿಯೇ ಇಟ್ಟಳು.

"ಡಾಕ್ಟ್ರು ಇವತ್ತೂ ಕೇಳಿದ್ರು. ಮುಂದಿನ ಮೇಜಿಗೆ ಹುಡುಗಿ ಬೇಕಂತೆ. ಫೋನ್ ಎತ್ತೋದು, ಬಂದೋರನ್ನ ಕೂರಿಸೋದು. ನಿನಗೆ ಅಂತ ನಾನು ತಡೆದು ಇಟ್ಟಿದ್ದೀನಿ."

"ನನಗೆ ಕೆಲಸ ಇದೆ ಅಮ್ಮ."

"ಯಾವುದು, ಒಂದೇ ಸಾಲನ್ನ ನೂರು ಸಲ ಹಾಕಿ ಹಾಕಿ ಕೇಳೋದಾ? ಆ ಸೀರೆ ಅಂಗಡಿ ಸಾಲು ನನಗೆ ಕನಸಲ್ಲೂ ಬರತ್ತೆ."

"ಅಷ್ಟು ಚೆನ್ನಾಗಿ ಕೂತಿದೆ ಅಂತಾಯ್ತು."

"ಊಟಕ್ಕೆ ಕೂತಿರೋ ಮಗೂನ ಬೈಬಾರದು," ಎಂದಳು ಅಜ್ಜಿ.

"ಮಗು ಅಲ್ಲ ಅತ್ತೆ. ಅದನ್ನೇ ನಾನು ಹೇಳ್ತಿರೋದು."

ಕತ್ತರಿಯ ತಂದೆ ಸೋಪಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಪೆಟ್ಟಿಗೆ ತುಂಬುವ, ಲಾರಿಗೆ ಏರಿಸುವ ಜನರೆಲ್ಲ ಅವನ ಕೈಕೆಳಗೆ. ಹೆಂಗಸರ ಜಗಳ ನಡೆಯುವಾಗ ಅವನು ಸಾಮಾನ್ಯವಾಗಿ ತಟ್ಟೆಯನ್ನೇ ನೋಡುತ್ತಿದ್ದ. ಅಂದು ತಲೆಯೆತ್ತಿದ.

"ನಮ್ಮಲ್ಲಿ ಮತ್ತೆ ಇಬ್ಬರು ಸೊಂಟ ಹಿಡ್ಕೊಂಡು ಮನೆಗೆ ಹೋದ್ರು. ಪಾಳಿ ಶುರುವಾಗೋ ಮುಂಚೆ ಎಲ್ಲರ ಕೈಲೂ ಕಸರತ್ತು ಮಾಡಿಸಬೇಕು ಅಂತ ಮ್ಯಾನೇಜರು. ಧ್ವನಿವರ್ಧಕದಲ್ಲಿ ಸಂಗೀತ, ಜೊತೆಗೆ ಯಾರಾದ್ರೂ ಎಣಿಸೋದು. ಎಲ್ಲಿಂದಲೋ ಒಂದು ತಂದು ಹಾಕಿದ್ರು. ಅದನ್ನ ಕೇಳಿ ಜನ ನಿಂತಲ್ಲೇ ಆಕಳಿಸಿದ್ರು. ನನ್ನ ಮಗಳು ಮಾಡ್ಕೊಡ್ತಾಳೆ ಅಂತ ನಾನು ಅಂದ್ಬಿಟ್ಟೆ."

"ಅಂದ್ಬಿಟ್ರಿ," ಎಂದಳು ಸೊಸೆ.

"ಅಂದ್ಬಿಟ್ಟೆ."

ಸೊಸೆ ಸ್ವಲ್ಪ ಹೊತ್ತು ಬೇಳೆ ಕಲಸುತ್ತ ಯೋಚಿಸಿದಳು. ಆಕೆ ಹಟಮಾರಿ, ಆದರೆ ಅನ್ಯಾಯದವಳಲ್ಲ. "ಸರಿ ಹಾಗಾದ್ರೆ. ಕಾರ್ಖಾನೆಯೋರು ಒಪ್ಪಿ ಇಟ್ಕೊಂಡ್ರೆ ನಾನು ಕ್ಲಿನಿಕ್ಕಿನ ಮಾತು ಇನ್ನು ಎತ್ತಲ್ಲ. ಒಪ್ಪದಿದ್ರೆ ಬರೋ ತಿಂಗಳು ನೀನು ನನ್ನ ಜೊತೆ ಬಸ್ ಹತ್ತಬೇಕು. ಮುಖ ಊದಿಸ್ಕೊಳ್ಳಬಾರದು."

"ಒಪ್ಪಿದೆ," ಎಂದಳು ಕತ್ತರಿ.

"ನಾನು ಸಾಕ್ಷಿ," ಎಂದಳು ಅಜ್ಜಿ, ಯಾರೂ ಕೇಳದಿದ್ದರೂ.

ಕತ್ತರಿಗೆ ಕ್ಲಿನಿಕ್ಕೆಂದರೆ ಭಯವೇನಿರಲಿಲ್ಲ. ಫೋನ್ ಎತ್ತಿ ಯಾರು ಬೇಕಾದರೂ ಮಾತಾಡಬಹುದು. ಆದರೆ ತಾನು ನಿಜವಾಗಿ ಚೆನ್ನಾಗಿ ಮಾಡುವ ಕೆಲಸ ಒಂದೇ ಎಂದು ಅವಳಿಗೆ ಗೊತ್ತಿತ್ತು, ಮತ್ತು ಅದನ್ನು ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಸಂಗೀತ ಬೇಗ ಸಿದ್ಧವಾಯಿತು. ಡ್ರಮ್ಮು ಸ್ಪಷ್ಟವಾಗಿತ್ತು, ನಿಂತವರ ಕಾಲು ತಾನಾಗಿ ಅಲ್ಲಾಡುವಂಥದು. ಎಣಿಸುವ ದನಿ ಯಾರದು ಎಂಬ ಪ್ರಶ್ನೆ ಬಂತು. ಕತ್ತರಿ ಒಬ್ಬೊಬ್ಬ ಗೆಳತಿಯ ಹೆಸರು ಹೇಳುತ್ತಿದ್ದಳು. ಸೊಸೆ ಪಾತ್ರೆ ತೊಳೆಯುತ್ತ, "ಮನೇಲೇ ಧ್ವನಿವರ್ಧಕ ಇಟ್ಕೊಂಡು ಊರೆಲ್ಲ ಯಾಕೆ ಹುಡುಕ್ತೀಯ?" ಎಂದಳು. ಚುಚ್ಚಿ ಹೇಳಿದ ಮಾತು. ಅಜ್ಜಿ ಅದನ್ನು ಆಹ್ವಾನವೆಂದೇ ತೆಗೆದುಕೊಂಡು, ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯಲು ಎದ್ದಳು.

ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಸದ್ದು ಗೋಡೆಗೆ ಬಡಿಯದಿರಲೆಂದು ಬೀರುವಿನ ಬಾಗಿಲು ತೆರೆದು ಬಟ್ಟೆಗಳನ್ನು ಹೊರಗೆ ಇಳಿಬಿಟ್ಟರು. ಅಜ್ಜಿ ಕೂರಲು ಒಪ್ಪಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಸಿಕೊಂಡು ನೆಟ್ಟಗೆ ನಿಂತಳು. ಸಂಗೀತ ಶುರುವಾಯಿತು. ಅಜ್ಜಿ ಬಾಯಿ ಬಿಡಲಿಲ್ಲ.

"ಎಣಿಸು ಅಜ್ಜಿ."

"ಎದುರಿಗೆ ಯಾರೂ ಇಲ್ಲವಲ್ಲೇ."

"ಎಣಿಸೋಕೆ ಯಾರು ಬೇಕು?"

"ಗೋಡೆಗೆ ಡ್ರಿಲ್ ಮಾಡಿಸಿ ನನಗೆ ಅಭ್ಯಾಸ ಇಲ್ಲ. ನಿನ್ನ ಅಮ್ಮನ್ನ ಕರಿ."

ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನಿಂತಳು. ಅಜ್ಜಿಯ ಕಣ್ಣು ಹೊಳೆಯಿತು. "ಕೈ ಮೇಲೆ. ಒಂದು, ಎರಡು, ಮೂರು, ನಾಲ್ಕು. ಪಕ್ಕಕ್ಕೆ. ಒಂದು, ಎರಡು. ಈಗ ಬಾಗಿ. ಏಳಿ. ಬಾಗಿ. ಏಳಿ." ಅಡುಗೆಮನೆಯಲ್ಲಿ ಕುಕ್ಕರ್ ಕೂಗಿ, ಬೆಚ್ಚಿಬಿದ್ದ ಅಜ್ಜಿ ಒಂದೆರಡು ಎಣಿಕೆ ತಡವರಿಸಿದಳು. ಮತ್ತೆ ಸರಿಯಾದಳು. ಕೊನೆಕೊನೆಗೆ, "ಮೊಣಕೈ ನೆಟ್ಟಗೆ. ಇದೇನು, ತಂತಿ ಮೇಲೆ ಒಣಗಾಕಿದ ಬಟ್ಟೆ ಥರ?" ಎಂದಳು.

"ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮೊಣಕೈ ಮೇಲೂ ಬಿತ್ತಾ ನಿಮ್ಮ ಕಣ್ಣು?" ಎಂದು ಸೊಸೆ ಕೈ ಇಳಿಸಿ ಅಡುಗೆಮನೆಗೆ ನಡೆದಳು. ಅಂದು ಚಹಾಕ್ಕೆ ಸಕ್ಕರೆ ಕಡಿಮೆ ಬಿತ್ತು.

ಮರುದಿನ ಮಧ್ಯಾಹ್ನ ಕತ್ತರಿ ಜೋಡಿಸಲು ಕೂತಳು. ಅಜ್ಜಿ ಹಿಂದಿನ ಮಂಚದ ಮೇಲೆ ಬಟಾಣಿ ಬಿಡಿಸುತ್ತಿದ್ದಳು. ಪರದೆಯ ಮೇಲೆ ಸಾಲಾಗಿ ಗೆರೆಗಳು ನಿಂತಿದ್ದವು. ಒಂದೊಂದು ಗೆರೆಯೂ ಡ್ರಮ್ಮಿನ ಒಂದೊಂದು ಪೆಟ್ಟು ಬೀಳುವ ಜಾಗ. ಅದರ ಕೆಳಗೆ ಅಜ್ಜಿಯ ದನಿ ಉಬ್ಬುಬ್ಬಾಗಿ ಬಿದ್ದಿತ್ತು. ಕತ್ತರಿ ಹುಬ್ಬು ಗಂಟಿಕ್ಕಿದಳು. "ಒಂದು" ಗೆರೆಯ ಮೇಲಿರಲಿಲ್ಲ, ಅದಕ್ಕಿಂತ ಕೊಂಚ ಮೊದಲೇ ಬಿದ್ದಿತ್ತು. "ಎರಡು" ಕೂಡ ಹಾಗೇ. "ಬಾಗಿ" ಅಂತೂ ಇನ್ನೂ ಮೊದಲು. ವಯಸ್ಸಾದವಳು, ಹೆಡ್‌ಫೋನ್ ಹೊಸದು, ಗಾಬರಿಯಲ್ಲಿ ಅವಸರಪಟ್ಟಿದ್ದಾಳೆ ಎಂದುಕೊಂಡಳು. ಅಜ್ಜಿಯ ಮನಸ್ಸು ನೋಯಬಾರದೆಂದು ಬಾಯಿಬಿಟ್ಟು ಹೇಳಲಿಲ್ಲ. ಒಂದೊಂದು ಎಣಿಕೆಯನ್ನೂ ಬೇರೆಬೇರೆಯಾಗಿ ಕತ್ತರಿಸಿ, ಗೆರೆಯ ಕಡೆಗೆ ಎಳೆದಳು. ತಂತ್ರಾಂಶದಲ್ಲಿ ಅಯಸ್ಕಾಂತದ ಚಿತ್ರವಿರುವ ಒಂದು ಗುಂಡಿ ಇತ್ತು. ಅದನ್ನು ಒತ್ತಿಟ್ಟರೆ ಹತ್ತಿರ ಬಂದ ತುಣುಕು ತಾನೇ ಹೋಗಿ ಗೆರೆಗೆ ಅಂಟಿಕೊಳ್ಳುತ್ತಿತ್ತು.

"ಅದೇನು ಓಡಿಹೋಗಿ ನಿಂತ್ಕೊಂಡಿದ್ದು?" ಎಂದಳು ಅಜ್ಜಿ.

"ನೀನೇ ಅಜ್ಜಿ. ಇದು ತಾಳದ ಗೆರೆ. ನಿನ್ನನ್ನ ಗೆರೆ ಮೇಲೆ ನಿಲ್ಲಿಸ್ತಿದ್ದೀನಿ."

ಅಜ್ಜಿ ಬಟಾಣಿ ಪಕ್ಕಕ್ಕಿಟ್ಟು ಎದ್ದು ಬಂದಳು. ಜೀವಮಾನವಿಡೀ ಸುಣ್ಣದ ಗೆರೆ ಹಾಕಿಸಿ, ಅದರ ಮೇಲೆ ಮಕ್ಕಳ ಹೆಬ್ಬೆರಳು ನಿಲ್ಲಿಸಿದವಳು. ಪರದೆಯನ್ನು ನೋಡಿ ಆಕೆಗೆ ಹೊಟ್ಟೆ ತುಂಬಿತು. "ಸಾಲು ಅಂದ್ರೆ ಹೀಗಿರಬೇಕು. ಅಲ್ನೋಡು, ಆ ಕೊನೇದು ಸ್ವಲ್ಪ ಮುಂದೆ ನಿಂತಿದೆ. ಹಿಂದಕ್ಕೆ ತಳ್ಳು ಅದನ್ನ."

ಕತ್ತರಿ ತಳ್ಳಿದಳು. ಆ ಮನೆಯಲ್ಲಿ ಸಾಲು ಸೊಟ್ಟಗಿದ್ದರೆ ಸಹಿಸದವರು ಇವರಿಬ್ಬರೇ, ಇಬ್ಬರೂ ಅಂದು ಒಂದೇ ಪರದೆಯ ಮುಂದಿದ್ದರು. ಕುಕ್ಕರಿನ ಕೂಗು ಹೋಯಿತು. ಮೊಣಕೈಯ ಬೈಗುಳವೂ ಹೋಯಿತು. ಸಂಜೆ ನಾಲ್ವರೂ ಚಹಾ ಕುಡಿಯುತ್ತ, ಕೂತುಕೊಂಡು ಅದನ್ನು ಕೇಳಿದರು. ತೊಳೆದಿಟ್ಟ ಲೋಟದ ಹಾಗೆ ಚೊಕ್ಕವಾಗಿತ್ತು. ಸೊಸೆಯೂ ತಲೆದೂಗಿದಳು.

ಎರಡು ದಿನದ ಮೇಲೆ ಮೇಸ್ತ್ರಿ ಕೆಲಸದಿಂದ ಬಂದವನು ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಂಡ.

"ಏನಾಯ್ತಪ್ಪ?" ಎಂದಳು ಕತ್ತರಿ.

"ಮೊದಲು ಊಟ ಮಾಡೋಣ."

"ಹೇಳಿಬಿಡಿ, ಅನ್ನ ಎಲ್ಲೂ ಓಡಿಹೋಗಲ್ಲ," ಎಂದಳು ಸೊಸೆ.

ಮೇಸ್ತ್ರಿ ಹೇಳಿದ. ಕಾರ್ಖಾನೆಯ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಧ್ವನಿಮುದ್ರಣ ಹಾಕಿದ್ದರು. ಮೊದಲ ಕೈಯೆತ್ತುವಾಗಲೇ ಗೊಂದಲ. ಒಬ್ಬರ ಕೈ ಮೇಲೆ, ಒಬ್ಬರದು ಅರ್ಧದಲ್ಲಿ. ಬಾಗುವ ಹೊತ್ತಿಗೆ ಒಂದು ಸಾಲು ಇಳಿಯುತ್ತಿದ್ದರೆ ಇನ್ನೊಂದು ಏಳುತ್ತಿತ್ತು. ಲೇಬಲ್ ಅಂಟಿಸುವ ಹೆಂಗಸಿನ ತಲೆ ಮುಂದಿದ್ದವನ ಬೆನ್ನಿಗೆ ಡಿಕ್ಕಿ ಹೊಡೆಯಿತು. ಜನ ನಕ್ಕರು, ಆಮೇಲೆ ಯಾರೂ ಮಾಡಲಿಲ್ಲ.

"ಸಂಗೀತ ಚೆನ್ನಾಗಿದೆ ಅಂದ್ರು ಮ್ಯಾನೇಜರು," ಎಂದ.

"ಮತ್ತೆ?"

"ದನಿ ಬದಲಾಯಿಸಿ ಅಂದ್ರು. ಯಾರಾದ್ರೂ ಚಿಕ್ಕ ವಯಸ್ಸಿನವರು. ಇನ್ನೊಂದು ವಾರ ಕೊಡ್ತೀನಿ ಅಂದ್ರು."

ಅಜ್ಜಿ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು. "ನನ್ನ ದನಿ ಹಿಂದೆ ಬಿತ್ತಂತಾ?"

"ಹಾಗೇನಿಲ್ಲಮ್ಮ."

"ಮಗನೇ, ನೇರವಾಗಿ ಹೇಳು."

"ವಯಸ್ಸಾದ ದನಿ, ತಾಳದ ಜೊತೆ ಬರ್ತಿಲ್ಲ ಅಂದ್ರು."

ಅಜ್ಜಿ ತಟ್ಟೆ ಬರಿದು ಮಾಡಿ, ತಾನೇ ತೊಳೆದಿಟ್ಟು ಹೋಗಿ ಮಲಗಿದಳು. ಮರುದಿನ ಬಾಲ್ಕನಿಯಿಂದ ಸದ್ದು ಬರಲಿಲ್ಲ. ಎದುರು ಮನೆಯ ಗುಮಾಸ್ತನ ಹೆಂಡತಿ ಬಂದು, "ಅಜ್ಜಿಗೆ ಹುಷಾರಿಲ್ವಾ?" ಎಂದು ವಿಚಾರಿಸಿದಳು. ಅಜ್ಜಿ ಕುರ್ಚಿಯಲ್ಲೇ ಇದ್ದಳು. ಕಾಲು ಮಡಚುತ್ತಿದ್ದಳು, ಚಾಚುತ್ತಿದ್ದಳು, ಬಾಯಿಗೆ ಮಾತ್ರ ಬೀಗ ಹಾಕಿಕೊಂಡಿದ್ದಳು.

ಆ ಮೌನದಿಂದ ಹೆಚ್ಚು ಕಂಗೆಟ್ಟವಳು ಸೊಸೆ. ಅತ್ತೆಯ ಗಂಟಲನ್ನು ದಿನಕ್ಕೆ ಹತ್ತು ಸಲ ಶಪಿಸಿದವಳು, ಈಗ ಬಟ್ಟೆ ಮಡಚುವಾಗ, ತರಕಾರಿ ಹೆಚ್ಚುವಾಗ, ಬೇಕೆಂದೇ ತಪ್ಪು ಮಾಡಿ ನೋಡಿದಳು. ಅಜ್ಜಿ ಏನೂ ಅನ್ನಲಿಲ್ಲ. "ಈರುಳ್ಳಿ ಇಷ್ಟು ದಪ್ಪ ಹೆಚ್ಚಿದ್ದೀನಿ, ನೋಡಿ ಅತ್ತೆ," ಎಂದರೂ, "ಬೇಯತ್ತೆ ಬಿಡು" ಎಂದಳು. ಸೊಸೆಗೆ ಅಳು ಬರುವಂತಾಯಿತು.

ಮಹಡಿ ಮನೆಯಲ್ಲಿ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಹೇಳುವ ಹುಡುಗಿಯೊಬ್ಬಳಿದ್ದಳು. ಸಿಹಿಯಾದ ದನಿ. ಭಾನುವಾರ ಮಧ್ಯಾಹ್ನ ಬಂದು ಎಣಿಸಿಕೊಡುತ್ತೇನೆಂದು ಒಪ್ಪಿದಳು. ಕತ್ತರಿ ಇದನ್ನು ಅಜ್ಜಿಗೆ ಹೇಳುವಾಗ ಅವಳ ಕಣ್ಣು ನೆಲ ನೋಡುತ್ತಿತ್ತು.

"ಹಾಕ್ಕೋ. ನನಗೇನೂ ಬೇಜಾರಿಲ್ಲ," ಎಂದಳು ಅಜ್ಜಿ. ಬೇಜಾರು ಹಣೆಯ ಮೇಲೆಯೇ ಬರೆದಿತ್ತು. "ಮತ್ತೆ ನಿನಗೆ ಆ ಕೋಣೆ ಪೂರ್ತಿ ಬೇಕು. ನಾನು ಹಾಲಿನಲ್ಲಿ ಮಲಗ್ತೀನಿ. ನನ್ನ ಬೀರುನೂ ಈಚೆಗೆ ತಂದ್ಬಿಡಿ."

"ಯಾರು ಕೇಳಿದ್ರು ನಿನ್ನನ್ನ?"

"ನಾನೇ ಹೇಳ್ತಿದ್ದೀನಿ. ಭಾನುವಾರ ಬೆಳಿಗ್ಗೆ ಎಲ್ಲರೂ ಮನೇಲಿರ್ತೀರ, ಎತ್ತಿಡಿ."

ವಾದ ಮಾಡಿ ಸೋತರು. ಭಾನುವಾರ ಬೆಳಿಗ್ಗೆ ಬೀರುವಿನ ಹೊರಗಿನ ಕಡೆ ಮೇಸ್ತ್ರಿ, ಕೋಣೆಯ ಒಳಗಿನ ಕಡೆ ಸೊಸೆ ಮತ್ತು ಕತ್ತರಿ ನಿಂತರು. ಅಜ್ಜಿ ಹಾಲಿನಲ್ಲಿ ಕುರ್ಚಿಯ ಮೇಲೆ ಮುಖ ತಿರುಗಿಸಿಕೊಂಡು ಕೂತಿದ್ದಳು.

"ಒಂದು, ಎರಡು, ಮೂರು," ಎಂದ ಮೇಸ್ತ್ರಿ, ಎತ್ತಿಯೂ ಬಿಟ್ಟ. ಒಳಗಿನವರು ಎತ್ತಿರಲಿಲ್ಲ. ಬೀರು ವಾಲಿ ಸೊಸೆಯ ಹೆಬ್ಬೆರಳಿನ ಪಕ್ಕದಲ್ಲೇ ಕುಕ್ಕರಿಸಿತು.

"ಮೂರು ಆದ ಮೇಲಲ್ವಾ ಎತ್ತೋದು?"

"ಮೂರಕ್ಕೇ ಎತ್ತೋದು."

"ಮೂರಕ್ಕೇ ಅಂದ್ರೆ ಮೂರು ಅನ್ನೋವಾಗಲೋ, ಅಂದಾದ ಮೇಲೋ?"

"ಲಾರಿಗೆ ದಿನಾ ಸಾವಿರ ಪೆಟ್ಟಿಗೆ ಎತ್ತಿಸ್ತೀನಿ ಕಣೇ."

"ಅದಕ್ಕೇ ಎಲ್ಲರ ಸೊಂಟ ಹೋಗಿರೋದು."

ಎರಡನೇ ಸಲ ಸೊಸೆ ಮೊದಲೇ ಎತ್ತಿದಳು. ಬೀರು ಆ ಕಡೆ ವಾಲಿತು. ಬಾಗಿಲ ಚೌಕಟ್ಟಿನ ಬಣ್ಣ ಕಿತ್ತು ಬಂತು. ಕುರ್ಚಿಯಲ್ಲಿದ್ದ ಅಜ್ಜಿ ಇಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. ಎದ್ದೇ ಬಿಟ್ಟಳು.

"ಎಲ್ಲರೂ ಸುಮ್ಮನಿರಿ. ಕೈ ಹಾಕಿ. ಮಂಡಿ ಬಗ್ಗಿಸಿ, ಸೊಂಟ ಅಲ್ಲ. ಎತ್ತಿ."

ಮೂವರೂ ಒಂದೇ ಆಳಿನಂತೆ ಎತ್ತಿದರು. ಬೀರು ಹಗುರಾಗಿ ಎದ್ದು ಬಾಗಿಲವರೆಗೆ ಬಂತು.

"ಇಳಿಸಿ, ಇಳಿಸಿ," ಎಂದಳು ಕತ್ತರಿ.

"ಬಾಗಿಲ ಮಧ್ಯೆನಾ?" ಎಂದ ಮೇಸ್ತ್ರಿ.

"ಹ್ಞೂಂ, ಇಲ್ಲೇ. ಅಜ್ಜಿ, ಇನ್ನೊಂದ್ಸಲ ಎತ್ತಿಸು."

"ಹುಚ್ಚು ಹಿಡೀತಾ ಇವಳಿಗೆ?" ಎಂದಳು ಸೊಸೆ.

"ಎತ್ತಿಸು ಅಜ್ಜಿ."

ಅಜ್ಜಿ ಎತ್ತಿಸಿದಳು. ಕತ್ತರಿ ಈ ಸಲ ಎತ್ತದೆ ಬೀರುವಿನ ಕಾಲನ್ನೇ ನೋಡುತ್ತಿದ್ದಳು. "ಎತ್ತಿ" ಎಂಬ ಮಾತು ಮುಗಿದಾಗ ಬೀರುವಿನ ಕಾಲು ಇನ್ನೂ ನೆಲದ ಮೇಲಿತ್ತು. ಮಾತು ಮೊದಲು, ಬೀರು ಆಮೇಲೆ. ಅವಳು ಬೀರುವನ್ನು ಅಲ್ಲೇ ಬಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಬಾಗಿಲು ಮುಚ್ಚಿಹೋಗಿತ್ತು. ಒಳಗೆ ತಾಯಿ ಮಗಳು, ಹೊರಗೆ ತಾಯಿ ಮಗ, ನಡುವೆ ಕಬ್ಬಿಣದ ಬೀರು.

ಕತ್ತರಿ ಹಳೆಯ ಧ್ವನಿಮುದ್ರಣ ತೆರೆದಳು, ಇನ್ನೂ ಕತ್ತರಿಸದಿದ್ದದ್ದು. ಗೆರೆಗಳ ಮುಂದೆ ಅಜ್ಜಿಯ ಎಣಿಕೆಗಳು ನಿಂತಿದ್ದವು. ಕೈಯೆತ್ತುವುದಕ್ಕೆ ಒಂದಿಷ್ಟು ಮೊದಲು. ಬಾಗುವುದಕ್ಕೆ ಅದಕ್ಕಿಂತ ಹೆಚ್ಚು ಮೊದಲು. ಕುಕ್ಕರ್ ಕೂಗಿದ ಕಡೆ ಬಿಟ್ಟರೆ ಎಲ್ಲೂ ವ್ಯತ್ಯಾಸವಿರಲಿಲ್ಲ. ಗಾಬರಿಯಲ್ಲಿ ಅವಸರಪಟ್ಟವರು ಹೀಗೆ ಒಂದೇ ಅಳತೆಯಲ್ಲಿ ಅವಸರಪಡುವುದಿಲ್ಲ.

"ಅಜ್ಜಿ, ನೀನು ತಾಳಕ್ಕೆ ಸರಿಯಾಗಿ ಎಣಿಸಲ್ಲ," ಎಂದು ಕೂಗಿದಳು.

ಬೀರುವಿನ ಆಚೆಯಿಂದ ಇಷ್ಟು ದಿನಗಳ ನಂತರ ಆ ಗಂಟಲು ಪೂರ್ತಿ ತೆರೆದುಕೊಂಡಿತು. "ಯಾರಿಗೆ ಹೇಳ್ತಿದ್ದೀಯ? ನಾನು ಜೀವನಪೂರ್ತಿ ತಾಳದ ಮೇಲೇ ಎಣಿಸಿದ್ದೀನಿ."

"ಇಲ್ಲ. ಮೊದಲೇ ಎಣಿಸ್ತೀಯ. ಇಲ್ಲಿ ಕಾಣ್ತಿದೆ."

"ನಾನು ಅವಸರಗೇಡಿ ಅಂತಾನಾ ನಿನ್ನ ಪೆಟ್ಟಿಗೆ ಹೇಳೋದು?"

"ಅವಸರ ಅಲ್ಲ ಅಜ್ಜಿ. ಕೇಳಿಸ್ಕೊಂಡು ಕೈ ಎತ್ತೋಕೆ ಜನಕ್ಕೆ ಒಂಚೂರು ಹೊತ್ತು ಬೇಕಲ್ಲ, ನೀನು ಆ ಹೊತ್ತು ಕೊಡ್ತೀಯ. ಗೊತ್ತಿಲ್ಲದೇ ಕೊಡ್ತೀಯ. ನಾನು ನಿನ್ನ ಮಾತನ್ನ ಗೆರೆ ಮೇಲೆ ಕೂರಿಸಿ ಆ ಹೊತ್ತನ್ನ ಕಿತ್ತುಕೊಂಡೆ. ಗೆರೆ ಮೇಲೆ ಇರಬೇಕಾದ್ದು ನಿನ್ನ ಮಾತಲ್ಲ, ಅವರ ಕೈಕಾಲು."

"ಸುಳ್ಳು. ನಾನು ತಾಳದ ಮೇಲೇ ಎಣಿಸೋದು."

"ಅಮ್ಮ, ನಿಂತ್ಕೋ. ಕೈ ಮೇಲೆತ್ತು," ಎಂದಳು ಕತ್ತರಿ.

ಮೊದಲು ಕಾರ್ಖಾನೆಗೆ ಕೊಟ್ಟದ್ದನ್ನು ಹಾಕಿದಳು. ಸೊಸೆಯ ಕೈ ಡ್ರಮ್ಮಿನ ಪೆಟ್ಟನ್ನು ಅಟ್ಟಿಸಿಕೊಂಡು ಹೋಯಿತು, ಒಮ್ಮೆಯೂ ಹಿಡಿಯಲಿಲ್ಲ. ಆಮೇಲೆ ಕತ್ತರಿಸದೇ ಇದ್ದದ್ದನ್ನು ಹಾಕಿದಳು. ಕೈ ಮೇಲೆ ಹೋಗುವುದಕ್ಕೂ ಪೆಟ್ಟು ಬೀಳುವುದಕ್ಕೂ ಸರಿಹೋಯಿತು. ಬಾಗಿದಾಗಲೂ ಸರಿ, ಎದ್ದಾಗಲೂ ಸರಿ.

"ಮೊದಲನೇದಕ್ಕೆ ನಾನು ಓಡೋಡಿ ಹಿಡೀಬೇಕಾಯ್ತು," ಎಂದಳು ಸೊಸೆ, ಏದುಸಿರು ಬಿಡುತ್ತ. "ಇದಕ್ಕೆ ಕೈ ತಾನಾಗೇ ಹೋಗತ್ತೆ." ಅಂದಾದ ಮೇಲೆ ತಾನು ಯಾರ ಪರ ತೀರ್ಪು ಕೊಟ್ಟೆನೆಂಬುದು ಆಕೆಗೆ ಹೊಳೆಯಿತು. ಕ್ಲಿನಿಕ್ಕಿನ ಮುಂದಿನ ಮೇಜು ಕಣ್ಣ ಮುಂದೆ ಬಂದಿರಬೇಕು. ಆದರೂ ಬೀರುವಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. "ಕೇಳಿಸ್ತಾ ಅತ್ತೆ? ನಿಮ್ಮ ದನಿಯಲ್ಲಿ ಏನೂ ತಪ್ಪಿರಲಿಲ್ಲ."

ಆಚೆಯಿಂದ ಮೂಗು ಸೀಟುವ ಸದ್ದು ಬಂತು.

"ಈಗ ಈ ಬೀರು ಏನು ಮಾಡೋಣ?" ಎಂದು ಕೇಳಿದ ಮೇಸ್ತ್ರಿ, ಬಹಳ ಹೊತ್ತಿನಿಂದ ಕಾದಿದ್ದವನು.

"ಇದ್ದಲ್ಲಿಗೇ," ಎಂದರು ಮೂರೂ ಹೆಂಗಸರು.

ಬಸ್ಸಿನ ಹುಡುಗಿ ಮಧ್ಯಾಹ್ನ ಬಂದು, ಚಹಾ ಕುಡಿದು, ಅಜ್ಜಿಯ ಕೈಯಲ್ಲಿ ಬೆನ್ನು ನೆಟ್ಟಗೆ ಕೂರುವುದನ್ನು ಕಲಿತು ಹೋದಳು.

ಹೊಸದಾಗಿ ಜೋಡಿಸುವುದೆಂದರೆ ಹಳೆಯದನ್ನೇ ಹಾಕಿಬಿಡುವುದಲ್ಲ. ಕುಕ್ಕರ್ ಕೂಗಿದ ಕಡೆ ಎಣಿಕೆ ನಿಜವಾಗಿಯೂ ಕೆಟ್ಟಿತ್ತು. ಕತ್ತರಿ ಅಯಸ್ಕಾಂತದ ಗುಂಡಿಯನ್ನು ಬಂದ್ ಮಾಡಿ, ಒಂದೊಂದು ತುಣುಕನ್ನೂ ಗೆರೆಗಿಂತ ಮೊದಲು ಕೈಯಾರೆ ಕೂರಿಸಿದಳು. ಎಷ್ಟು ಮೊದಲು ಎಂಬುದಕ್ಕೆ ಜಗಳ. "ಇನ್ನೂ ಒಂಚೂರು" ಎಂದು ಅಜ್ಜಿ, "ಸಾಕು" ಎಂದು ಮೊಮ್ಮಗಳು. ತೀರ್ಮಾನಕ್ಕೆ ಸೊಸೆ ಬಂದು ಕೈಯೆತ್ತಬೇಕು, ಮೇಸ್ತ್ರಿ ಬಂದು ಬಾಗಬೇಕು. ಗಡುವಿನಲ್ಲಿ ಉಳಿದಿದ್ದ ದಿನಗಳಲ್ಲೆಲ್ಲ ಆ ಮನೆಯಲ್ಲಿ ಊಟಕ್ಕೆ ಮೊದಲು ಕಸರತ್ತು. ಮೇಸ್ತ್ರಿಯ ಹೊಟ್ಟೆ ಸ್ವಲ್ಪ ಇಳಿಯಿತೆಂದು ಸೊಸೆ ಒಪ್ಪಿಕೊಂಡಳು. ಅಜ್ಜಿ ಮಾತ್ರ ತಾನು ತಾಳದ ಮೇಲೇ ಎಣಿಸುವವಳೆಂಬ ಹಟ ಬಿಡಲಿಲ್ಲ.

"ಅಪ್ಪ, ಮ್ಯಾನೇಜರಿಗೆ ಒಂದು ಮಾತು ಹೇಳಬೇಕು," ಎಂದಳು ಕತ್ತರಿ ಕೊಡುವ ಹಿಂದಿನ ಸಂಜೆ. "ದನಿ ಅದೇ ಅಂತ. ಹೋದ ಸಲದ ತಪ್ಪು ಅಜ್ಜಿದಲ್ಲ, ಜೋಡಿಸಿದವಳದು ಅಂತ."

"ಹಾಗಂದ್ರೆ ಜೋಡಿಸೋಕೆ ಬೇರೆಯೋರನ್ನ ಹುಡುಕ್ತೀವಿ ಅಂತಾರೆ. ಹೊಸ ದನಿ ಅಂತ ಹೇಳಿ ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ?"

"ಅನ್ನಲಿ. ಅಜ್ಜಿ ಹೆಸರಿಗೆ ಕೆಟ್ಟ ಮಾತು ಬಂದಿರೋದು ನನ್ನಿಂದ. ನನ್ನ ಬಾಯಿಂದಲೇ ಹೋಗಬೇಕು. ನೀನು ಹೇಳಲ್ಲ ಅಂದ್ರೆ ನಾನೇ ಬಂದು ಹೇಳ್ತೀನಿ."

ಸೊಸೆ ತಟ್ಟೆಗೆ ಮೊಟ್ಟೆ ಬಡಿಸುತ್ತಿದ್ದಳು. ಮಗಳ ತಟ್ಟೆಗೆ ಎರಡನೆಯದನ್ನೂ ಹಾಕಿದಳು.

ಬೆಳಿಗ್ಗೆ ನಾಲ್ವರೂ ಹೊರಟರು. ಅಜ್ಜಿ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದಳು. ಸೊಸೆ, ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲೇ ಇದೆ ಎಂದು ಹೇಳಿ ಬಂದಳು. ದಾರಿ ಅದಾಗಿರಲಿಲ್ಲ. ಗೇಟಿನ ಬಳಿ ಮ್ಯಾನೇಜರು ಸಿಕ್ಕಾಗ ಕತ್ತರಿ ಹೇಳಬೇಕಾದ್ದನ್ನು ಹೇಳಿದಳು, ತಡವರಿಸಲಿಲ್ಲ. ಮ್ಯಾನೇಜರು ಕೈಗಡಿಯಾರ ನೋಡಿಕೊಂಡ.

"ಅದೇ ದನಿಯಾ? ನಾನು ಬೇಡ ಅಂದಿದ್ದೆನಲ್ಲ."

"ಒಂದ್ಸಲ ಹಾಕಿ ಸಾರ್. ಈ ಸಲವೂ ಜನ ತಪ್ಪಿದ್ರೆ ದನಿಯನ್ನಲ್ಲ, ನನ್ನನ್ನ ಬದಲಾಯಿಸಿ."

ಮ್ಯಾನೇಜರು ಭುಜ ಕುಣಿಸಿ, ಹಾಕಿ ಎಂದು ಸನ್ನೆ ಮಾಡಿದ. ಜನ ಅಂಗಳದಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ನಿಂತರು. ಲೇಬಲ್ ಅಂಟಿಸುವ ಹೆಂಗಸು ಈ ಸಲ ಮುಂದಿನವನಿಂದ ದೂರ ನಿಂತಳು. ಡ್ರಮ್ಮು ಶುರುವಾಯಿತು, ಅದರ ಮೇಲೆ ಅಜ್ಜಿಯ ದನಿ. "ಕೈ ಮೇಲೆ. ಒಂದು."

ಕೈಗಳು ಮೇಲೆ ಹೋದವು, ಎಲ್ಲವೂ, ಒಟ್ಟಿಗೆ, ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ. ಜನರಿಗೇ ಆಶ್ಚರ್ಯವಾಗಿ ಪಕ್ಕದವರ ಮುಖ ನೋಡಿದರು. ಬಾಗಿದಾಗ ಇಡೀ ಅಂಗಳ ಬಾಗಿತು, ಎದ್ದಾಗ ಇಡೀ ಅಂಗಳ ಎದ್ದಿತು. ಗೇಟಿನ ಕಂಬಿ ಹಿಡಿದು ನಿಂತಿದ್ದ ಅಜ್ಜಿಯ ಕಣ್ಣಲ್ಲಿ ನೀರು ತುಂಬಿತ್ತು. "ಹಿಂದಿನ ಸಾಲು ಸ್ವಲ್ಪ ಸೊಟ್ಟ," ಎಂದಳು.

ಕೊನೆಯ ಎಣಿಕೆಗೆ ಎಲ್ಲರೂ ಕೈ ಚಾಚಿದ್ದರು. ಆಗ ಧ್ವನಿವರ್ಧಕದಿಂದ ಬಂತು. "ಮೊಣಕೈ ನೆಟ್ಟಗೆ. ಇದೇನು, ತಂತಿ ಮೇಲೆ ಒಣಗಾಕಿದ ಬಟ್ಟೆ ಥರ?"

ಅಂಗಳದ ಮೊಣಕೈಗಳೆಲ್ಲ ನೆಟ್ಟಗಾದವು. ಮೇಸ್ತ್ರಿಯದೂ ಆಯಿತು. ನಗು ಅಲೆಯಲೆಯಾಗಿ ಎದ್ದಿತು, ಆದರೆ ಯಾರೂ ಕೈ ಇಳಿಸಲಿಲ್ಲ. ಮ್ಯಾನೇಜರು ನಗುತ್ತ ಕತ್ತರಿಯ ಕಡೆ ಬಂದು, ಸಂಜೆಯ ಪಾಳಿಗೆ ಬೇರೆಯದೊಂದು ಬೇಕು, ಎಣಿಸುವವರು ಇವರೇ ಇರಲಿ ಎಂದ.

"ಅದನ್ನ ಯಾಕೆ ಹಾಗೇ ಉಳಿಸಿದೆ? ಮೊದಲ ಸಲ ತೆಗೆದಿದ್ದೆಯಲ್ಲ," ಎಂದು ಸೊಸೆ ಪಿಸುಗುಟ್ಟಿದಳು.

"ಅದೂ ಸರಿಯಾದ ಹೊತ್ತಿಗೇ ಬಿದ್ದಿತ್ತಮ್ಮ. ಅಲ್ಲಿಗೆ ಬರೋ ಹೊತ್ತಿಗೆ ಎಲ್ಲರ ಕೈಯೂ ಸೋತಿರತ್ತೆ."

ಸೊಸೆ ಮಗಳಿಗೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಅವಳ ಕಡೆ ನೋಡಿ ನಗತೊಡಗಿದಳು. ಸೊಸೆ ತನ್ನ ಬಲಗೈ ನೋಡಿಕೊಂಡಳು. ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನ ಹೊರಗೆ ನಿಂತಿದ್ದವಳು ಯಾವಾಗಲೋ ಕೈಯನ್ನು ಮುಂದಕ್ಕೆ ಚಾಚಿದ್ದಳು, ಮೊಣಕೈ ಕೋಲಿನಷ್ಟು ನೆಟ್ಟಗಿತ್ತು.

ಅವಳು ಕೈ ಇಳಿಸಿ, ಚೀಲ ಸರಿಮಾಡಿಕೊಂಡಳು. "ನನಗೆ ಬಸ್ಸಿಗೆ ಹೊತ್ತಾಯ್ತು," ಎಂದಳು. "ಮುಂದಿನ ಮೇಜಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಡಾಕ್ಟ್ರಿಗೆ ಇವತ್ತೇ ಹೇಳ್ಬೇಕು."